ಭದ್ರತಾ ವ್ಯವಸ್ಥೆ ಅಳವಡಿಕೆಯ ಕಾರ್ಯವಿಭಜನೆ

ಭದ್ರತಾ ವ್ಯವಸ್ಥೆ ಅಳವಡಿಕೆಯ ಕಾರ್ಯವಿಭಜನೆ ಎಂದರೆ ಸಿಸಿಟಿವಿ ಕ್ಯಾಮೆರಾ, ಪ್ರವೇಶ ನಿಯಂತ್ರಣ, ಕಳ್ಳಗಂಟೆ, ಅಗ್ನಿಸೂಚಕ ಮೊದಲಾದ ಉಪಕರಣಗಳನ್ನು ಒಂದು ಕಟ್ಟಡ, ಬಡಾವಣೆ ಅಥವಾ ನಗರದಲ್ಲಿ ಅಳವಡಿಸುವ ಯೋಜನೆಯನ್ನು ಅಳೆಯಬಹುದಾದ, ಒಬ್ಬರಿಗೆ ವಹಿಸಬಹುದಾದ ಮತ್ತು ಪರೀಕ್ಷಿಸಬಹುದಾದ ಸಣ್ಣ ಭಾಗಗಳಾಗಿ ಒಡೆಯುವ ಕ್ರಮ. ಯೋಜನಾ ನಿರ್ವಹಣೆಯಲ್ಲಿ ಇದನ್ನು ಕಾರ್ಯವಿಭಜನಾ ರಚನೆ ಎನ್ನಲಾಗುತ್ತದೆ. ವರ್ಕ್ ಬ್ರೇಕ್‌ಡೌನ್ ಸ್ಟ್ರಕ್ಚರ್ ಎಂಬ ಹೆಸರಿನಿಂದಲೂ ಇದು ಪರಿಚಿತವಾಗಿದೆ. ಸಾಮಾನ್ಯವಾಗಿ ಈ ರಚನೆಯನ್ನು ಯೋಜನಾ ನಿರ್ವಹಣಾ ತಂತ್ರಾಂಶ ಅಥವಾ ಕೋಷ್ಟಕ ತಂತ್ರಾಂಶದಲ್ಲಿ ಸಿದ್ಧಪಡಿಸಿ, ಪ್ರತಿ ಭಾಗಕ್ಕೂ ಅವಧಿ, ವೆಚ್ಚ, ಹೊಣೆಗಾರ ಮತ್ತು ಸ್ವೀಕಾರದ ಷರತ್ತುಗಳನ್ನು ಜೋಡಿಸಲಾಗುತ್ತದೆ.

ಭದ್ರತಾ ವ್ಯವಸ್ಥೆಯ ವೈಫಲ್ಯ ಹೆಚ್ಚಾಗಿ ಉಪಕರಣದ ದೋಷದಿಂದಷ್ಟೇ ಆಗುವುದಿಲ್ಲ. ಯಾರ ಪಟ್ಟಿಯಲ್ಲೂ ಸೇರದೆ ಉಳಿದ ಕೆಲಸಗಳೂ ಅದಕ್ಕೆ ಕಾರಣವಾಗುತ್ತವೆ. ವಿದ್ಯುತ್ ಕಡಿತದ ಸಮಯದ ಬ್ಯಾಟರಿ, ಗಡಿಯಾರದ ಹೊಂದಾಣಿಕೆ, ದೃಶ್ಯವನ್ನು ನೋಡುವ ವ್ಯಕ್ತಿ, ಎಚ್ಚರಿಕೆ ಬಂದಾಗ ಕರೆ ಮಾಡುವ ಕ್ರಮ ಇವೆಲ್ಲ ಇಂತಹ ಕೆಲಸಗಳು. ಇವು ಕಾಮಗಾರಿ ಆರಂಭವಾಗುವ ಮೊದಲೇ ಕಾಗದದ ಮೇಲೆ ಕಾಣಿಸಿಕೊಳ್ಳುವಂತೆ ಮಾಡುವುದು ಕಾರ್ಯವಿಭಜನೆಯ ಮುಖ್ಯ ಪ್ರಯೋಜನ.

ಇತಿಹಾಸ

ದೊಡ್ಡ ಕೆಲಸವನ್ನು ಕಾಲಪಟ್ಟಿಯ ಮೇಲೆ ಗೆರೆಗಳಾಗಿ ತೋರಿಸುವ ಪಟ್ಟಿಯನ್ನು ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಜನಪ್ರಿಯಗೊಳಿಸಿದರು. 1957ರ ಸುಮಾರಿಗೆ ಡ್ಯೂಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಗಳ ತಜ್ಞರು ನಿರ್ಣಾಯಕ ಪಥ ವಿಧಾನವನ್ನು ರೂಪಿಸಿದರು. ಅದೇ ಕಾಲದಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಪರ್ಟ್ ಎಂಬ ವಿಧಾನವನ್ನು ಬಳಕೆಗೆ ತಂದಿತು. ಸಾವಿರಾರು ಗುತ್ತಿಗೆದಾರರ ಕೆಲಸವನ್ನು ಒಂದೇ ಚೌಕಟ್ಟಿನಲ್ಲಿ ಕಾಣಬೇಕಾದ ಅಗತ್ಯದಿಂದ ಕಾರ್ಯವಿಭಜನಾ ರಚನೆ ಬೆಳೆಯಿತು. 1962ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮತ್ತು ನಾಸಾ ಜಂಟಿಯಾಗಿ ಹೊರತಂದ ಮಾರ್ಗದರ್ಶಿಯಲ್ಲಿ ಅದು ವಿವರಿಸಲ್ಪಟ್ಟಿತು. 1968ರಲ್ಲಿ ರಕ್ಷಣಾ ಇಲಾಖೆಯು ಇದಕ್ಕಾಗಿಯೇ ಒಂದು ಪ್ರತ್ಯೇಕ ಮಾನಕವನ್ನು ಪ್ರಕಟಿಸಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 21511 ಮಾನಕ 2018ರಲ್ಲಿ ಪ್ರಕಟವಾಯಿತು.

ವೈಯಕ್ತಿಕ ಗಣಕಯಂತ್ರಗಳು ಬಂದ ಮೇಲೆ ಈ ವಿಧಾನ ಸಣ್ಣ ಗುತ್ತಿಗೆದಾರರಿಗೂ ಎಟುಕಿತು. ಪ್ರೈಮವೆರಾ ಸಂಸ್ಥೆ 1983ರಲ್ಲಿ ಆರಂಭವಾಯಿತು. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಮೊದಲ ಆವೃತ್ತಿ 1984ರಲ್ಲಿ ಬಂದಿತು. ನಂತರದ ವರ್ಷಗಳಲ್ಲಿ ಗ್ಯಾಂಟ್‌ಪ್ರಾಜೆಕ್ಟ್, ಪ್ರಾಜೆಕ್ಟ್‌ಲಿಬ್ರೆ, ಓಪನ್‌ಪ್ರಾಜೆಕ್ಟ್ ಮೊದಲಾದ ಮುಕ್ತ ತಂತ್ರಾಂಶಗಳು ಲಭ್ಯವಾದವು.

ಬೆಂಗಳೂರಿನ ಸಂದರ್ಭ

2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂ ಕೊಠಡಿಯೊಂದರಲ್ಲಿ ಬ್ಯಾಂಕ್ ಉದ್ಯೋಗಿಯಾಗಿದ್ದ ಮಹಿಳೆಯೊಬ್ಬರ ಮೇಲೆ ಮಾರಣಾಂತಿಕ ಹಲ್ಲೆ ನಡೆಯಿತು. ಅವರ ಹಿಂದೆಯೇ ಒಳಬಂದ ವ್ಯಕ್ತಿ ಕೊಠಡಿಯ ಷಟರ್ ಎಳೆದು ಮಚ್ಚಿನಿಂದ ಹೊಡೆದನು. ಕೊಠಡಿಯಲ್ಲಿ ಕ್ಯಾಮೆರಾ ಇತ್ತು, ಅದು ಕೆಲಸ ಮಾಡುತ್ತಿತ್ತು ಮತ್ತು ಇಡೀ ಘಟನೆಯನ್ನು ದಾಖಲಿಸಿಕೊಂಡಿತು. ಆದರೆ ಕಾವಲುಗಾರ ಇರಲಿಲ್ಲ. ದಾಖಲಾಗುತ್ತಿದ್ದ ದೃಶ್ಯ ಆ ಕ್ಷಣದಲ್ಲಿ ನೆರವನ್ನು ಕರೆತರಲಿಲ್ಲ. ಗಾಯಾಳು ಗಂಟೆಗಳ ಕಾಲ ಮುಚ್ಚಿದ ಷಟರಿನ ಒಳಗೇ ಉಳಿದರು. ಅವರು ಬದುಕಿ ಉಳಿದರು. ಆರೋಪಿಯು 2017ರಲ್ಲಿ ಆಂಧ್ರಪ್ರದೇಶದಲ್ಲಿ ಸೆರೆಸಿಕ್ಕನು. ಘಟನೆಯ ನಂತರ ನಗರದ ಪೊಲೀಸರು ಕಾವಲುಗಾರರಿಲ್ಲದ ಎಟಿಎಂಗಳ ವಿರುದ್ಧ ಕ್ರಮ ಕೈಗೊಂಡರು.

ಕಾರ್ಯವಿಭಜನೆಯ ದೃಷ್ಟಿಯಿಂದ ಈ ಪ್ರಕರಣ ಗಮನಾರ್ಹವಾಗಿದೆ. ಕ್ಯಾಮೆರಾ ಮತ್ತು ದಾಖಲೆ ಎಂಬ ಎರಡು ಭಾಗಗಳು ಪೂರ್ಣವಾಗಿದ್ದವು. ವೀಕ್ಷಣೆ, ಎಚ್ಚರಿಕೆ ಮತ್ತು ಪ್ರತಿಕ್ರಿಯೆ ಎಂಬ ಭಾಗಗಳು ಇರಲಿಲ್ಲ. ಷಟರ್ ಅವೇಳೆಯಲ್ಲಿ ಮುಚ್ಚಿಕೊಂಡರೆ ಸೂಚನೆ ನೀಡುವ ಒಂದು ಸಂವೇದಕ ಕ್ಯಾಮೆರಾಗಿಂತ ಅಗ್ಗದ ಉಪಕರಣ. ಆದರೆ ಅದು ಪಟ್ಟಿಯಲ್ಲಿ ಒಂದು ಸಾಲಾಗಿ ಇದ್ದಾಗ ಮಾತ್ರ ಖರೀದಿಯಾಗುತ್ತದೆ.

ಸಾರ್ವಜನಿಕರು ಸೇರುವ ಸ್ಥಳಗಳಲ್ಲಿ ಭದ್ರತಾ ಕ್ರಮಗಳನ್ನು ಕಡ್ಡಾಯಗೊಳಿಸುವ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮ 2017ರದ್ದು. ಏಕಕಾಲಕ್ಕೆ 100 ಅಥವಾ ದಿನವೊಂದಕ್ಕೆ 500 ಜನರು ಸೇರುವ ಸಂಸ್ಥೆಗಳು ಪ್ರವೇಶ ನಿಯಂತ್ರಣ ಮತ್ತು ಸಿಸಿಟಿವಿ ವ್ಯವಸ್ಥೆ ಹೊಂದಿರಬೇಕು, ದೃಶ್ಯಗಳನ್ನು 30 ದಿನ ಉಳಿಸಿಕೊಳ್ಳಬೇಕು ಎಂಬುದು ಅದರ ಸಾರ. ಇದರಿಂದ ಕಲ್ಯಾಣ ಮಂಟಪ, ಆಸ್ಪತ್ರೆ, ಶಾಲೆ, ದೇವಸ್ಥಾನ, ಅಂಗಡಿ ಸಮುಚ್ಚಯಗಳ ಆಡಳಿತ ಮಂಡಳಿಗಳೂ ಇಂತಹ ಯೋಜನೆಗಳ ಮಾಲೀಕರಾದವು.

ನಗರ ಮಟ್ಟದಲ್ಲಿ ಇದರ ದೊಡ್ಡ ಉದಾಹರಣೆ ಬೆಂಗಳೂರು ಸುರಕ್ಷಿತ ನಗರ ಯೋಜನೆ. ನಿರ್ಭಯಾ ನಿಧಿಯಡಿ ಕೇಂದ್ರ ಗೃಹ ಸಚಿವಾಲಯ 2018ರಲ್ಲಿ ಎಂಟು ನಗರಗಳಿಗೆ ಇಂತಹ ಯೋಜನೆಗಳನ್ನು ಮಂಜೂರು ಮಾಡಿತು. ಬೆಂಗಳೂರಿನ ಪಾಲು 667 ಕೋಟಿ ರೂಪಾಯಿ. ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಅನುಪಾತದಲ್ಲಿ ಹಂಚಿಕೊಂಡವು. ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು, ಸುರಕ್ಷತಾ ದ್ವೀಪಗಳೆಂಬ ತುರ್ತು ಕರೆ ಕಂಬಗಳು, ಪೊಲೀಸರ ಮೈಮೇಲಿನ ಕ್ಯಾಮೆರಾಗಳು, ಡ್ರೋನ್‌ಗಳು ಮತ್ತು ಒಂದು ಆದೇಶ ಕೇಂದ್ರ ಇದರ ಭಾಗಗಳು. ಕ್ಯಾಮೆರಾ ಅಳವಡಿಕೆಯನ್ನು ಎರಡು ಹಂತಗಳಲ್ಲಿ ಕೈಗೊಳ್ಳಲಾಯಿತು. ನಗರ ಪೊಲೀಸ್ ಆಯುಕ್ತರ ಕಚೇರಿಯ ಆವರಣದಲ್ಲಿನ ಆದೇಶ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಸುರಕ್ಷತಾ ದ್ವೀಪದ ಗುಂಡಿ ಒತ್ತಿದವರಿಗೆ ಆದೇಶ ಕೇಂದ್ರದಿಂದ ಉತ್ತರ ದೊರೆಯುವಂತೆ ರೂಪಿಸಿರುವುದರಿಂದ ಇಲ್ಲಿ ಪ್ರತಿಕ್ರಿಯೆಯೂ ಯೋಜನೆಯ ಒಂದು ಭಾಗವಾಗಿದೆ.

ವಿಭಜನೆಯ ತತ್ತ್ವಗಳು

ಕಾರ್ಯವಿಭಜನೆಗೆ ಸಾಮಾನ್ಯವಾಗಿ ಈ ಕೆಳಗಿನ ತತ್ತ್ವಗಳನ್ನು ಅನುಸರಿಸಲಾಗುತ್ತದೆ.

ಫಲಿತಾಂಶದ ಆಧಾರ: ಮೇಲಿನ ಹಂತಗಳಲ್ಲಿ ಭಾಗಗಳನ್ನು ಕ್ರಿಯೆಗಳಿಂದಲ್ಲ, ಕೈಗೆ ಸಿಗುವ ಫಲಿತಾಂಶಗಳಿಂದ ಹೆಸರಿಸಲಾಗುತ್ತದೆ. ‘ತಂತಿ ಎಳೆಯುವುದು’ ಎಂಬುದಕ್ಕಿಂತ ‘ಪರೀಕ್ಷಿಸಿ ಗುರುತುಚೀಟಿ ಹಚ್ಚಿದ 16 ತಂತಿಮಾರ್ಗಗಳು’ ಎಂಬುದು ಸ್ಪಷ್ಟ. ಮೊದಲನೆಯದು ಯಾವಾಗ ಮುಗಿಯಿತೆಂದು ಹೇಳುವುದು ಕಷ್ಟ. ಎರಡನೆಯದನ್ನು ಎಣಿಸಬಹುದು.

ನೂರರಷ್ಟು ನಿಯಮ: ಒಂದು ಭಾಗದ ಕೆಳಗಿನ ಉಪಭಾಗಗಳನ್ನೆಲ್ಲ ಕೂಡಿಸಿದರೆ ಆ ಭಾಗದ ಪೂರ್ಣ ಕೆಲಸ ಬರಬೇಕು. ಅದಕ್ಕಿಂತ ಕಡಿಮೆಯೂ ಇರಬಾರದು, ಹೆಚ್ಚೂ ಇರಬಾರದು. ಪರವಾನಗಿ, ಗೋಡೆಗೆ ಮರುಗಾರೆ, ಕಸ ವಿಲೇವಾರಿ, ತರಬೇತಿ, ದಾಖಲೆಪತ್ರ ಇವೆಲ್ಲ ಪೂರ್ಣ ಕೆಲಸದೊಳಗೇ ಸೇರುತ್ತವೆ.

ಪರಸ್ಪರ ಪ್ರತ್ಯೇಕತೆ: ಒಂದೇ ಕೆಲಸ ಎರಡು ಭಾಗಗಳಲ್ಲಿ ಬರಬಾರದು. ಕ್ಯಾಮೆರಾ ಕಂಬಕ್ಕೆ ವಿದ್ಯುತ್ ಒದಗಿಸುವುದು ವಿದ್ಯುತ್ ಗುತ್ತಿಗೆದಾರರದೋ ಕ್ಯಾಮೆರಾ ಗುತ್ತಿಗೆದಾರರದೋ ಎಂಬುದು ಸ್ಪಷ್ಟವಾಗದಿದ್ದರೆ ಇಬ್ಬರೂ ಅದನ್ನು ಮಾಡದೆ ಉಳಿಯುವ ಸಾಧ್ಯತೆಯೇ ಹೆಚ್ಚು.

ಗಾತ್ರ: ಅತ್ಯಂತ ಕೆಳಗಿನ ಭಾಗವನ್ನು ಕಾರ್ಯಘಟಕ ಎನ್ನಲಾಗುತ್ತದೆ. ಒಂದು ಕಾರ್ಯಘಟಕ 8 ಗಂಟೆಗಿಂತ ಕಡಿಮೆಯೂ 80 ಗಂಟೆಗಿಂತ ಹೆಚ್ಚೂ ಇರಬಾರದೆಂಬುದು ಪ್ರಚಲಿತ ಸ್ಥೂಲ ನಿಯಮ. ಸಣ್ಣ ಯೋಜನೆಗಳಲ್ಲಿ ಒಂದು ದಿನದಿಂದ ಒಂದು ವಾರದ ಕೆಲಸ ಒಂದು ಘಟಕವಾಗುತ್ತದೆ.

ಒಬ್ಬ ಹೊಣೆಗಾರ: ಪ್ರತಿ ಕಾರ್ಯಘಟಕಕ್ಕೆ ಒಬ್ಬರೇ ಉತ್ತರದಾಯಿಯಾಗಿರಬೇಕು. ಕೆಲಸ ಮಾಡುವವರು ಹಲವರಿರಬಹುದು.

ಮಾದರಿ ವಿಭಜನೆ

ದಕ್ಷಿಣ ಬೆಂಗಳೂರಿನ ಗಿರಿನಗರ ಏರುತಗ್ಗಿನ ರಸ್ತೆಗಳ ಹಳೆಯ ವಸತಿ ಬಡಾವಣೆ. ಹೊಸಕೆರೆಹಳ್ಳಿ, ಕತ್ರಿಗುಪ್ಪೆ ಮತ್ತು ಬನಶಂಕರಿ 3ನೇ ಹಂತ ಇದರ ನೆರೆಯ ಪ್ರದೇಶಗಳು. ಇಂತಹ ಬಡಾವಣೆಗಳಲ್ಲಿ ಸ್ವತಂತ್ರ ಮನೆಗಳ ನಡುವೆ ಸಣ್ಣ ವಸತಿ ಸಮುಚ್ಚಯಗಳಿರುವುದು ಸಾಮಾನ್ಯ. ನೆಲಮಹಡಿಯಲ್ಲಿ ವಾಹನ ನಿಲುಗಡೆ, ಒಂದು ಗೇಟು, ಒಂದು ಲಿಫ್ಟು ಮತ್ತು ಮೂರು ಮಹಡಿಗಳಿರುವ ಕಲ್ಪಿತ ಸಮುಚ್ಚಯವೊಂದರಲ್ಲಿ 16 ಕ್ಯಾಮೆರಾಗಳ ವ್ಯವಸ್ಥೆಯನ್ನು ಅಳವಡಿಸುವ ಯೋಜನೆಯನ್ನು ಹೀಗೆ ವಿಭಜಿಸಬಹುದು.

1. ಅಗತ್ಯಗಳ ದಾಖಲೆ
1.1 ನಿವಾಸಿಗಳ ಸಂಘದ ನಿರ್ಣಯ ಮತ್ತು ಆಯವ್ಯಯ
1.2 ಅಪಾಯದ ಸ್ಥಳಗಳ ಪಟ್ಟಿ
1.3 ಪ್ರತಿ ಕ್ಯಾಮೆರಾದ ಉದ್ದೇಶ: ಚಲನೆ ಪತ್ತೆಯೋ, ಪರಿಚಿತರ ಗುರುತೋ, ಅಪರಿಚಿತರ ಮುಖದ ಗುರುತೋ

2. ವಿನ್ಯಾಸ
2.1 ಕ್ಯಾಮೆರಾ ಸ್ಥಾನಗಳ ನಕ್ಷೆ
2.2 ತಂತಿಮಾರ್ಗಗಳ ನಕ್ಷೆ ಮತ್ತು ಉದ್ದ
2.3 ದಾಸ್ತಾನು ಮತ್ತು ವಿದ್ಯುತ್ ಲೆಕ್ಕ

3. ಸಾಮಗ್ರಿ
3.1 ಕ್ಯಾಮೆರಾ, ರೆಕಾರ್ಡರ್, ಹಾರ್ಡ್ ಡಿಸ್ಕ್
3.2 ಸ್ವಿಚ್, ತಂತಿ, ಕೊಳವೆ, ಪೆಟ್ಟಿಗೆ
3.3 ಬ್ಯಾಟರಿ ಮತ್ತು ಮಿಂಚುರಕ್ಷಕ

4. ಕಟ್ಟಡದೊಳಗಿನ ಕಾಮಗಾರಿ
4.1 ಕೊಳವೆ ಮತ್ತು ತಂತಿ, ಮಹಡಿವಾರು
4.2 ಗೇಟಿನ ಕಂಬ ಮತ್ತು ಅದರ ಭೂಸಂಪರ್ಕ
4.3 ರೆಕಾರ್ಡರ್ ಇರುವ ಬೀಗದ ಪೆಟ್ಟಿಗೆ
4.4 ಗೋಡೆಯ ಮರುಗಾರೆ ಮತ್ತು ಬಣ್ಣ

5. ಜೋಡಣೆ ಮತ್ತು ಹೊಂದಾಣಿಕೆ
5.1 ಕ್ಯಾಮೆರಾಗಳ ಕೋನ ಮತ್ತು ಕೇಂದ್ರೀಕರಣ, ಹಗಲು ಮತ್ತು ರಾತ್ರಿ
5.2 ಗುಪ್ತಪದಗಳ ಬದಲಾವಣೆ, ಬಳಕೆದಾರರ ಹಕ್ಕುಗಳು
5.3 ಗಡಿಯಾರದ ಹೊಂದಾಣಿಕೆ
5.4 ನೆರೆಮನೆಯ ಕಿಟಕಿಗಳನ್ನು ಮರೆಮಾಡುವ ಹೊದಿಕೆ

6. ಪರೀಕ್ಷೆ
6.1 ಪ್ರತಿ ಕ್ಯಾಮೆರಾದ ಉದ್ದೇಶ ಪರೀಕ್ಷೆ
6.2 ವಿದ್ಯುತ್ ಕಡಿತದ ಪರೀಕ್ಷೆ
6.3 ಹಿಂದಿನ ದಿನಾಂಕದ ದೃಶ್ಯವನ್ನು ಹುಡುಕಿ ಪ್ರತಿ ತೆಗೆಯುವ ಪರೀಕ್ಷೆ

7. ಹಸ್ತಾಂತರ
7.1 ಕಾವಲುಗಾರರ ತರಬೇತಿ
7.2 ಎಚ್ಚರಿಕೆ ಬಂದಾಗಿನ ಕ್ರಮ: ಮೊದಲ ಕರೆ ಯಾರಿಗೆ, 112ಕ್ಕೆ ಯಾವಾಗ
7.3 ನಕ್ಷೆ, ಖಾತರಿ ಪತ್ರ, ನಿರ್ವಹಣಾ ಒಪ್ಪಂದ

8. ಯೋಜನಾ ನಿರ್ವಹಣೆ
8.1 ವಾರದ ಪ್ರಗತಿ ವರದಿ
8.2 ಪಾವತಿ ಕಂತುಗಳು

ಸಾಮಾನ್ಯ ದರಪಟ್ಟಿಗಳಲ್ಲಿ 3, 4 ಮತ್ತು 5.1 ಮಾತ್ರ ಕಾಣಸಿಗುವುದು ಹೆಚ್ಚು. 1.3, 5.3, 6.3 ಮತ್ತು 7.2ಕ್ಕೆ ಸಾಮಗ್ರಿ ವೆಚ್ಚವಿಲ್ಲ. ಆದ್ದರಿಂದಲೇ ಅವು ಬಿಟ್ಟುಹೋಗುತ್ತವೆ. ಘಟನೆ ನಡೆದ ದಿನ ಮೊದಲು ಬೇಕಾಗುವುದು ಅವೇ.

ವಿನ್ಯಾಸದ ಲೆಕ್ಕಗಳು

ಪ್ರತಿ ಭಾಗಕ್ಕೆ ಅಳೆಯಬಹುದಾದ ಸ್ವೀಕಾರ ಷರತ್ತು ನೀಡಲು ಕೆಲವು ಲೆಕ್ಕಗಳು ನೆರವಾಗುತ್ತವೆ.

ದೃಶ್ಯದ ಸ್ಪಷ್ಟತೆ: ಐಇಸಿ 62676 ಮಾನಕದ ಮಾರ್ಗದರ್ಶನದಂತೆ ವ್ಯಕ್ತಿಯ ಇರುವಿಕೆಯನ್ನು ಪತ್ತೆಹಚ್ಚಲು ಮೀಟರಿಗೆ 25, ಪರಿಚಿತರನ್ನು ಗುರುತಿಸಲು 125, ಅಪರಿಚಿತರ ಗುರುತನ್ನು ದೃಢಪಡಿಸಲು 250 ಪಿಕ್ಸೆಲ್‌ಗಳು ಬೇಕು. 1920 ಪಿಕ್ಸೆಲ್ ಅಗಲದ ಕ್ಯಾಮೆರಾ ಅಪರಿಚಿತರ ಮುಖವನ್ನು ದೃಢಪಡಿಸಬೇಕಾದರೆ ಅದು ನೋಡುವ ಅಗಲ ಸುಮಾರು 7.7 ಮೀಟರ್ ಮೀರಬಾರದು. ಇಡೀ ರಸ್ತೆಯನ್ನೂ ಗೇಟಿನಲ್ಲಿ ನಿಂತವರ ಮುಖವನ್ನೂ ಒಂದೇ ಕ್ಯಾಮೆರಾದಿಂದ ಪಡೆಯುವ ನಿರೀಕ್ಷೆ ಇಲ್ಲಿ ತಪ್ಪುತ್ತದೆ.

ದಾಸ್ತಾನು: ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ನಿರಂತರವಾಗಿ ದಾಖಲಿಸುವ ಒಂದು ಕ್ಯಾಮೆರಾಗೆ ದಿನಕ್ಕೆ 43.2 ಗಿಗಾಬೈಟ್ ಬೇಕು. 30 ದಿನಗಳಿಗೆ ಸುಮಾರು 1.3 ಟೆರಾಬೈಟ್, 16 ಕ್ಯಾಮೆರಾಗಳಿಗೆ ಸುಮಾರು 20.7 ಟೆರಾಬೈಟ್ ಆಗುತ್ತದೆ. 8 ಟೆರಾಬೈಟ್ ಡಿಸ್ಕ್ ಮಾತ್ರ ಇದ್ದರೆ ಅದೇ ದರದಲ್ಲಿ ಸುಮಾರು 11 ದಿನಗಳ ದೃಶ್ಯ ಮಾತ್ರ ಉಳಿಯುತ್ತದೆ.

ತಂತಿ: ತಾಮ್ರದ ಈಥರ್ನೆಟ್ ತಂತಿಯ ಮಿತಿ 100 ಮೀಟರ್. ಐಇಇಇ 802.3ಎಎಫ್ ಮಾನಕದಂತೆ ಅದೇ ತಂತಿಯ ಮೂಲಕ ಪ್ರತಿ ಸಂಪರ್ಕಕ್ಕೆ ಸ್ವಿಚ್‌ನ ತುದಿಯಲ್ಲಿ ಗರಿಷ್ಠ 15.4 ವ್ಯಾಟ್ ವಿದ್ಯುತ್ ಒದಗಿಸಬಹುದು.

ಬ್ಯಾಟರಿ: ತಲಾ 8 ವ್ಯಾಟ್‌ನ 16 ಕ್ಯಾಮೆರಾಗಳು 128 ವ್ಯಾಟ್ ಬಳಸುತ್ತವೆ. ರೆಕಾರ್ಡರ್ ಮತ್ತು ಸ್ವಿಚ್‌ಗೆ 72 ವ್ಯಾಟ್ ಎಂದಿಟ್ಟುಕೊಂಡರೆ ಒಟ್ಟು 200 ವ್ಯಾಟ್. 4 ಗಂಟೆಗಳ ಕಡಿತವನ್ನು ತಾಳಲು 800 ವ್ಯಾಟ್-ಗಂಟೆ ಬೇಕು. ಪರಿವರ್ತನೆಯ ನಷ್ಟವನ್ನು ಸೇರಿಸಿದರೆ ಇನ್ನೂ ಹೆಚ್ಚಾಗುತ್ತದೆ.

ಅವಲಂಬನೆ ಮತ್ತು ನಿರ್ಣಾಯಕ ಪಥ

ಭಾಗಗಳನ್ನು ಪಟ್ಟಿಮಾಡಿದ ಮೇಲೆ ಯಾವುದು ಯಾವುದರ ನಂತರ ಬರಬೇಕೆಂಬುದನ್ನು ತಂತ್ರಾಂಶದಲ್ಲಿ ದಾಖಲಿಸಲಾಗುತ್ತದೆ. ಉದಾಹರಣೆಗೆ ಮೇಲಿನ ಯೋಜನೆಯಲ್ಲಿ ಅಗತ್ಯಗಳ ದಾಖಲೆಗೆ 3, ವಿನ್ಯಾಸಕ್ಕೆ 4, ಸಾಮಗ್ರಿ ಬರಲು 15, ಕೊಳವೆ ಮತ್ತು ತಂತಿಗೆ 8, ಕ್ಯಾಮೆರಾ ಜೋಡಣೆಗೆ 3, ಹೊಂದಾಣಿಕೆಗೆ 3, ಪರೀಕ್ಷೆಗೆ 2, ಹಸ್ತಾಂತರಕ್ಕೆ 1 ದಿನ ಬೇಕೆಂದುಕೊಂಡರೆ, ಎಲ್ಲವನ್ನೂ ಒಂದರ ನಂತರ ಒಂದು ಮಾಡಿದಾಗ 39 ದಿನಗಳಾಗುತ್ತವೆ. ಕೊಳವೆ ಮತ್ತು ತಂತಿಯನ್ನು ಸ್ಥಳೀಯವಾಗಿ ಕೂಡಲೇ ಕೊಂಡು, ಕ್ಯಾಮೆರಾಗಳು ಬರುವುದರೊಳಗೆ ಆ ಕೆಲಸ ಮುಗಿಸಿದರೆ ಯೋಜನೆ 31 ದಿನಗಳಲ್ಲಿ ಮುಗಿಯುತ್ತದೆ.

ಇಲ್ಲಿ ಕ್ಯಾಮೆರಾಗಳ ಪೂರೈಕೆ ನಿರ್ಣಾಯಕ ಪಥದಲ್ಲಿದೆ. ಅದು ಒಂದು ದಿನ ತಡವಾದರೆ ಯೋಜನೆಯೂ ಒಂದು ದಿನ ತಡವಾಗುತ್ತದೆ. ತಂತಿಯ ಕೆಲಸಕ್ಕೆ 7 ದಿನಗಳ ಸಡಿಲ ಅವಧಿಯಿದೆ. ತಂತಿ ಕೆಲಸಗಾರರನ್ನು ಅವಸರಪಡಿಸುವುದರಿಂದ ಒಂದು ದಿನವೂ ಉಳಿಯುವುದಿಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಬೆಂಗಳೂರಿನಲ್ಲಿ ಹೊರಾಂಗಣ ಕಾಮಗಾರಿಗೆ ಮಳೆಯೂ ಒಂದು ಅವಲಂಬನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು, ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಹಿಂಗಾರು ಮಳೆ ಬರುತ್ತದೆ. ಕಂಬದ ತಳಪಾಯ ಮತ್ತು ನೆಲದಡಿಯ ಕೊಳವೆ ಕೆಲಸಗಳನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣಹವೆಗೆ ಹೊಂದಿಸುವುದು ಅನುಕೂಲ. ಸಾರ್ವಜನಿಕ ರಸ್ತೆಯನ್ನು ಅಗೆಯಬೇಕಾದಲ್ಲಿ ನಗರಾಡಳಿತದ ಅನುಮತಿ ಒಂದು ಪ್ರತ್ಯೇಕ ಭಾಗವಾಗಿರಬೇಕು.

ತಂತ್ರಾಂಶದ ಬಳಕೆ

ತಂತ್ರಾಂಶ ಮುಖ್ಯವಾಗಿ ನಾಲ್ಕು ಕೆಲಸಗಳನ್ನು ಮಾಡುತ್ತದೆ: ಭಾಗಗಳ ಶ್ರೇಣಿಯನ್ನು ಸಂಖ್ಯೆಗಳೊಂದಿಗೆ ಉಳಿಸುವುದು, ಅವಲಂಬನೆಗಳಿಂದ ದಿನಾಂಕಗಳನ್ನು ಲೆಕ್ಕಹಾಕುವುದು, ವೆಚ್ಚವನ್ನು ಕೆಳಗಿನಿಂದ ಮೇಲಕ್ಕೆ ಕೂಡಿಸುವುದು ಮತ್ತು ಪ್ರಗತಿಯನ್ನು ಯೋಜನೆಯೊಂದಿಗೆ ಹೋಲಿಸುವುದು. ಇಪ್ಪತ್ತು ಮೂವತ್ತು ಸಾಲುಗಳ ಯೋಜನೆಗೆ ಕೋಷ್ಟಕ ತಂತ್ರಾಂಶ ಸಾಕು. ಹಲವು ಕಟ್ಟಡಗಳು ಮತ್ತು ಗುತ್ತಿಗೆದಾರರಿರುವಲ್ಲಿ ಅವಲಂಬನೆಗಳನ್ನು ತಾನೇ ಲೆಕ್ಕಹಾಕುವ ತಂತ್ರಾಂಶ ಅಗತ್ಯವಾಗುತ್ತದೆ. ಸ್ಥಳದಲ್ಲಿ ಕೆಲಸ ಮಾಡುವವರು ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಆಯಾ ಕಾರ್ಯಘಟಕಕ್ಕೆ ಜೋಡಿಸುವ ಪದ್ಧತಿಯಿಂದ ಗೋಡೆಯೊಳಗೆ ಮರೆಯಾಗುವ ತಂತಿಮಾರ್ಗಗಳಿಗೂ ದಾಖಲೆ ಉಳಿಯುತ್ತದೆ.

ಘಟಕಗಳ ಹೆಸರುಗಳನ್ನು ಯುನಿಕೋಡ್ ಕನ್ನಡದಲ್ಲಿಯೇ ಬರೆಯಬಹುದು. ಕಾವಲುಗಾರರು ಮತ್ತು ವಿದ್ಯುತ್ ಕೆಲಸಗಾರರು ಓದಬೇಕಾದ ಪಟ್ಟಿಗಳಿಗೆ, ಅದರಲ್ಲೂ ಎಚ್ಚರಿಕೆ ಬಂದಾಗಿನ ಕ್ರಮಕ್ಕೆ, ಅವರು ಓದುವ ಭಾಷೆಯನ್ನೇ ಬಳಸುವುದು ಮುಖ್ಯ.

ಪ್ರಗತಿಯನ್ನು ಅಳೆಯಲು ಶೇಕಡಾವಾರು ಅಂದಾಜಿಗಿಂತ ಪೂರ್ಣ ಅಥವಾ ಅಪೂರ್ಣ ಎಂಬ ಎರಡೇ ಸ್ಥಿತಿಗಳ ಬಳಕೆ ಹೆಚ್ಚು ವಿಶ್ವಾಸಾರ್ಹ. ಪಾವತಿಯ ಕಂತುಗಳನ್ನು ಸಾಮಗ್ರಿ ಬಂದ ದಿನಕ್ಕಷ್ಟೇ ಜೋಡಿಸದೆ 6ನೇ ಭಾಗದ ಪರೀಕ್ಷೆಗಳಿಗೂ ಜೋಡಿಸಿದರೆ ಆ ಪರೀಕ್ಷೆಗಳು ನಡೆಯುವ ಸಾಧ್ಯತೆ ಹೆಚ್ಚುತ್ತದೆ.

ಕಾನೂನು ಮತ್ತು ಖಾಸಗಿತನ

ಕಾನೂನಿನ ಅಗತ್ಯಗಳೂ ಕಾರ್ಯಘಟಕಗಳಾಗುತ್ತವೆ. ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ಡಿಸೆಂಬರ್ 2ರಂದು ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲಿ ಕ್ಯಾಮೆರಾ ಅಳವಡಿಸಲು ಆದೇಶಿಸಿತು. ಪ್ರವೇಶ ಮತ್ತು ನಿರ್ಗಮನ ದ್ವಾರ, ಬಂದೀಖಾನೆ, ಓಣಿ, ಸ್ವಾಗತ ಸ್ಥಳ ಎಂದು ಸ್ಥಳಗಳನ್ನು ಒಂದೊಂದಾಗಿ ಹೆಸರಿಸಿತು. ರಾತ್ರಿ ದೃಷ್ಟಿ ಮತ್ತು ಧ್ವನಿ ದಾಖಲೆ ಇರಬೇಕೆಂದಿತು. ದಾಖಲೆ 18 ತಿಂಗಳು ಉಳಿಯಬೇಕು, ಅಂತಹ ಉಪಕರಣ ದೊರೆಯದಿದ್ದರೆ ಕನಿಷ್ಠ ಒಂದು ವರ್ಷವಾದರೂ ಉಳಿಯಬೇಕು ಎಂದು ನಿಗದಿಪಡಿಸಿತು. ಮೇಲ್ವಿಚಾರಣೆಗೆ ರಾಜ್ಯ ಮತ್ತು ಜಿಲ್ಲಾ ಸಮಿತಿಗಳನ್ನು ಸೂಚಿಸಿತು. ಸ್ಥಳ, ಗುಣಮಟ್ಟ, ಅವಧಿ ಮತ್ತು ಹೊಣೆಗಾರರನ್ನು ಬೇರೆಬೇರೆಯಾಗಿ ಹೇಳಿರುವುದರಿಂದ ಈ ಆದೇಶವನ್ನು ನೇರವಾಗಿ ಕಾರ್ಯಪಟ್ಟಿಯಾಗಿಸಬಹುದು.

ಕೇಂದ್ರ ಸರ್ಕಾರವು 2024ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ 2025ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರಾಟವಾಗುವ ಸಿಸಿಟಿವಿ ಕ್ಯಾಮೆರಾಗಳು ನಿಗದಿತ ಸೈಬರ್ ಭದ್ರತಾ ಪರೀಕ್ಷೆಗೆ ಒಳಪಟ್ಟಿರಬೇಕು. ಹೀಗಾಗಿ ಪ್ರಮಾಣಪತ್ರದ ಪರಿಶೀಲನೆ 3.1ರ ಭಾಗವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ ಪ್ರಮಾಣಪತ್ರ ಬೇಕು. ಗಡಿಯಾರ ತಪ್ಪಾಗಿರುವ ರೆಕಾರ್ಡರಿನ ದೃಶ್ಯ ವಿಚಾರಣೆಯಲ್ಲಿ ಪ್ರಶ್ನೆಗೊಳಗಾಗಬಹುದು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿಯೊಬ್ಬರು ಸ್ವಂತ ಅಥವಾ ಗೃಹಬಳಕೆಗಾಗಿ ಮಾಡುವ ದತ್ತಾಂಶ ಸಂಸ್ಕರಣೆಗೆ ವಿನಾಯಿತಿ ನೀಡಿದೆ. ಸಮುಚ್ಚಯದ ಸಂಘವು ಒಬ್ಬ ವ್ಯಕ್ತಿಯಲ್ಲವಾದ್ದರಿಂದ ದೃಶ್ಯ ನೋಡಬಲ್ಲವರು ಯಾರು, ಎಷ್ಟು ದಿನ ಉಳಿಯುತ್ತದೆ, ಅಳಿಸುವವರು ಯಾರು ಎಂಬುದನ್ನು 5.2ರಲ್ಲಿ ಬರೆದಿಡುವುದು ಒಳಿತು.

ಮಿತಿಗಳು

ಕಾರ್ಯವಿಭಜನೆ ಕೆಲಸದ ವ್ಯಾಪ್ತಿಯನ್ನು ತೋರಿಸುತ್ತದೆ, ಆದರೆ ಅದರ ಗುಣಮಟ್ಟಕ್ಕೆ ತಾನೇ ಖಾತರಿ ಕೊಡುವುದಿಲ್ಲ. ಅತಿಯಾಗಿ ಒಡೆದ ಪಟ್ಟಿಯನ್ನು ನವೀಕರಿಸುವುದೇ ಒಂದು ಹೊರೆಯಾಗಿ, ಕೆಲವು ವಾರಗಳಲ್ಲಿ ಅದು ವಾಸ್ತವದಿಂದ ದೂರವಾಗಬಹುದು. ತಂತ್ರಾಂಶವು ನಮೂದಿಸಿದ ಭಾಗಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬಿಟ್ಟುಹೋದ ಭಾಗವನ್ನು ಅದು ಪತ್ತೆಹಚ್ಚುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ಕಾವಲುಗಾರರು, ನಿವಾಸಿಗಳು, ವಿದ್ಯುತ್ ಕೆಲಸಗಾರರು ಮತ್ತು ಮುಂದೆ ನಿರ್ವಹಣೆ ಮಾಡುವವರು ಅದನ್ನು ಒಟ್ಟಿಗೆ ಓದುವುದು ರೂಢಿಯಲ್ಲಿದೆ. ಇಂತಹ ಓದಿನಲ್ಲಿ ಕೇಳಲಾಗುವ ಉಪಯುಕ್ತ ಪ್ರಶ್ನೆಯೆಂದರೆ, ರಾತ್ರಿ ಎರಡು ಗಂಟೆಗೆ ವಿದ್ಯುತ್ ಇಲ್ಲದಿರುವಾಗ ಗೇಟಿನಲ್ಲಿ ಅಪಾಯ ಎದುರಾದರೆ ಪಟ್ಟಿಯ ಯಾವ ಯಾವ ಸಾಲುಗಳು ಕೆಲಸಕ್ಕೆ ಬರುತ್ತವೆ ಎಂಬುದು. ಉತ್ತರದಲ್ಲಿ ಕೊನೆಯ ಸಾಲು ನೆರವಿಗೆ ಬರುವ ವ್ಯಕ್ತಿಯದಾಗಿರದಿದ್ದರೆ ವಿಭಜನೆ ಅಪೂರ್ಣವೆಂದು ಪರಿಗಣಿಸಲಾಗುತ್ತದೆ.

ಇವನ್ನೂ ನೋಡಿ

ಯೋಜನಾ ನಿರ್ವಹಣೆ
ನಿರ್ಣಾಯಕ ಪಥ ವಿಧಾನ
ಗ್ಯಾಂಟ್ ಪಟ್ಟಿ
ಸಿಸಿಟಿವಿ
ಬೆಂಗಳೂರು ನಗರ ಪೊಲೀಸ್
ಗಿರಿನಗರ